ಹಸುಗೂಸಿನಲ್ಲಿ ಆಹಾರದ ಅಲರ್ಜಿ ಬೇರೂರುವ ಬಗೆ: ಮೊದಲ ವರ್ಷದಲ್ಲಿ ಮನೆಯವರು ಮಾಡಬೇಕಾದುದು

ಅಲರ್ಜಿಯತ್ತ ವಾಲುವ ದೇಹಪ್ರಕೃತಿಯನ್ನು ಮಗು ತಂದೆತಾಯಿಯರಿಂದ ಪಡೆದು ಬರಬಹುದು. ಆದರೆ ಕಡಲೆಕಾಯಿ, ಮೊಟ್ಟೆ ಅಥವಾ ಹಾಲಿನಂತಹ ಒಂದು ನಿರ್ದಿಷ್ಟ ಆಹಾರ ಅದರ ಮೈಗೆ ಆಗದಂತಾಗುವುದು ಹುಟ್ಟಿದ ಮೇಲೆ, ಬಹಳಷ್ಟು ಸಲ ಮೊದಲ ವರ್ಷ ತುಂಬುವುದರೊಳಗೆ. ಈ ಅವಧಿಯಲ್ಲಿ ಮನೆಯವರ ಕೈಯಲ್ಲಿರುವ ಸಂಗತಿಗಳು ಮುಖ್ಯವಾಗಿ ಎರಡು: ಕೂಸಿನ ಚರ್ಮವನ್ನು ನೋಡಿಕೊಳ್ಳುವ ರೀತಿ ಮತ್ತು ಆಹಾರವನ್ನು ಬಾಯಿಗೆ ಕೊಡುವ ಕಾಲ. ಈ ಎರಡರ ಬಗ್ಗೆಯೂ ವೈದ್ಯರ ತಿಳಿವಳಿಕೆ ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಬಹುಮಟ್ಟಿಗೆ ತಲೆಕೆಳಗಾಗಿದೆ. ಆದರೂ ‘ಅಲರ್ಜಿ ಬರುವ ಪದಾರ್ಥಗಳನ್ನು ಮಗು ದೊಡ್ಡದಾಗುವವರೆಗೆ ಕೊಡಬೇಡಿ’ ಎಂಬ ಹಳೆಯ ಸಲಹೆ ಅನೇಕ ಮನೆಗಳಲ್ಲಿ ಇಂದಿಗೂ ನಡೆದುಬರುತ್ತಿದೆ. ಆ ಸಲಹೆಯನ್ನು ಏಕೆ ಕೈಬಿಡಲಾಯಿತು ಮತ್ತು ಅದರ ಬದಲಿಗೆ ಮನೆಯಲ್ಲಿ ಏನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಒಳಗೆ ನಡೆಯುವುದೇನು

ಅಲರ್ಜಿಗೆ ಎರಡು ಹಂತಗಳಿವೆ, ಮತ್ತು ಮೊದಲ ಹಂತ ಯಾರ ಕಣ್ಣಿಗೂ ಬೀಳುವುದಿಲ್ಲ. ಹೊರಗಿನ ಒಂದು ಪ್ರೋಟೀನನ್ನು ರೋಗನಿರೋಧಕ ವ್ಯವಸ್ಥೆ ಶತ್ರುವೆಂದು ತಪ್ಪಾಗಿ ಗುರುತಿಸಿದಾಗ, ಆ ಪ್ರೋಟೀನಿಗೆ ಹೊಂದುವ ಐಜಿಇ ಎಂಬ ಪ್ರತಿಕಾಯ ತಯಾರಾಗುತ್ತದೆ. 1960ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿದ್ದ ಇಶಿಜಾಕಾ ದಂಪತಿಯೂ ಸ್ವೀಡನ್ನಿನ ವಿಜ್ಞಾನಿಗಳೂ ಬೇರೆಬೇರೆಯಾಗಿ ಗುರುತಿಸಿದ ಪ್ರತಿಕಾಯ ಇದೇ. ಅದು ಚರ್ಮ, ಕರುಳು ಮತ್ತು ಶ್ವಾಸನಾಳದ ಗೋಡೆಗಳಲ್ಲಿರುವ ಮಾಸ್ಟ್ ಜೀವಕೋಶಗಳ ಮೇಲೆ ಹೋಗಿ ಕೂರುತ್ತದೆ. ಮಗುವಿಗೆ ಆಗ ಯಾವ ತೊಂದರೆಯೂ ಕಾಣಿಸುವುದಿಲ್ಲ. ಅದೇ ಪ್ರೋಟೀನು ಮತ್ತೊಮ್ಮೆ ದೇಹವನ್ನು ಸೇರಿದಾಗ ಆ ಜೀವಕೋಶಗಳು ಒಡೆದಂತಾಗಿ ಹಿಸ್ಟಮೀನ್ ಮೊದಲಾದ ರಾಸಾಯನಿಕಗಳನ್ನು ಹೊರಚೆಲ್ಲುತ್ತವೆ, ಮತ್ತು ನಾವು ಕಾಣುವ ಗಂಧೆ, ಊತ, ವಾಂತಿ, ಉಬ್ಬಸಗಳೆಲ್ಲ ಈ ಎರಡನೆಯ ಹಂತದವು.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಜೀವನದಲ್ಲಿ ಮೊದಲ ಬಾರಿಗೆ ಕಡಲೆಕಾಯಿ ತಿಂದ ಮಗುವಿನ ಮೈಮೇಲೆ ಕೂಡಲೇ ಗಂಧೆ ಎದ್ದರೆ, ಆ ಮಗುವಿನ ದೇಹ ಕಡಲೆಕಾಯಿಯನ್ನು ಅದಕ್ಕಿಂತ ಮುಂಚೆಯೇ ಎಲ್ಲೋ ಕಂಡಿರಬೇಕು. ಬಾಯಿಂದಲ್ಲವಾದರೆ ಎಲ್ಲಿಂದ? ಲಂಡನ್ನಿನ ಮಕ್ಕಳ ಅಲರ್ಜಿ ತಜ್ಞ ಗಿಡಿಯನ್ ಲ್ಯಾಕ್ ಅವರ ತಂಡ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೂಸಾಗಿದ್ದಾಗ ದದ್ದೆದ್ದ ಚರ್ಮಕ್ಕೆ ಕಡಲೆಕಾಯಿ ಎಣ್ಣೆಯಿದ್ದ ಮುಲಾಮನ್ನು ಹಚ್ಚಿಸಿಕೊಂಡಿದ್ದ ಮಕ್ಕಳಲ್ಲಿ ಕಡಲೆಕಾಯಿಯ ಅಲರ್ಜಿ ಹೆಚ್ಚಾಗಿರುವುದು ಕಂಡುಬಂದಿತು. ಮುಂದೆ, ಮನೆಯ ಧೂಳಿನಲ್ಲಿಯೇ ಕಡಲೆಕಾಯಿಯ ಪ್ರೋಟೀನು ಇರುತ್ತದೆಂದೂ, ಒಡೆದ ಚರ್ಮದ ಮಕ್ಕಳಿಗೆ ಅದರಿಂದ ಅಪಾಯ ಹೆಚ್ಚೆಂದೂ ತಿಳಿಯಿತು. ಚರ್ಮದ ಹೊರಪದರದ ಜೀವಕೋಶಗಳನ್ನು ಇಟ್ಟಿಗೆಗಳೆಂದುಕೊಂಡರೆ, ಆ ಗೋಡೆಯನ್ನು ಬಿಗಿಯಾಗಿ ಹಿಡಿದಿಡಲು ಫಿಲಾಗ್ರಿನ್ ಎಂಬ ಪ್ರೋಟೀನು ಬೇಕು. ಇದರ ವಂಶವಾಹಿಯಲ್ಲಿ ದೋಷವಿರುವವರಿಗೆ ಇಸುಬು, ಅಂದರೆ ಎಕ್ಸಿಮಾ, ಹೆಚ್ಚಾಗಿ ಬರುತ್ತದೆ ಎಂಬುದು 2006ರಲ್ಲಿ ಸ್ಕಾಟ್ಲೆಂಡಿನ ಡಂಡೀಯಲ್ಲಿ ಪತ್ತೆಯಾಯಿತು. ಬಿರುಕು ಬಿಟ್ಟ ಚರ್ಮದ ಮೂಲಕ ಒಳಹೊಕ್ಕ ಆಹಾರದ ಕಣವನ್ನು ದೇಹ ಶತ್ರುವೆಂದು ಭಾವಿಸುತ್ತದೆ. ಕರುಳಿನ ಮೂಲಕ ಬಂದ ಅದೇ ಕಣವನ್ನು ಸಹಿಸಿಕೊಳ್ಳಲು ಕಲಿಯುತ್ತದೆ. ಲ್ಯಾಕ್ ಅವರು 2008ರಲ್ಲಿ ಮುಂದಿಟ್ಟ ಈ ವಿವರಣೆಯೇ ಇಂದಿನ ಸಲಹೆಗಳಿಗೆಲ್ಲ ತಳಹದಿ.

ಹಳೆಯ ಸಲಹೆ ಬಿದ್ದುಹೋದದ್ದು ಹೇಗೆ

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2000ನೇ ಇಸವಿಯಲ್ಲಿ, ಅಲರ್ಜಿಯ ಅಪಾಯವಿರುವ ಮಕ್ಕಳಿಗೆ ಒಂದು ವರ್ಷದವರೆಗೆ ಹಾಲಿನ ಪದಾರ್ಥಗಳನ್ನೂ ಎರಡು ವರ್ಷದವರೆಗೆ ಮೊಟ್ಟೆಯನ್ನೂ ಮೂರು ವರ್ಷದವರೆಗೆ ಕಡಲೆಕಾಯಿ ಮತ್ತು ಮೀನನ್ನೂ ಕೊಡಬಾರದೆಂದು ಹೇಳಿತ್ತು. ಅಲರ್ಜಿ ಕಡಿಮೆಯಾಗಲಿಲ್ಲ. 2008ರಲ್ಲಿ ಅಕಾಡೆಮಿ ಆ ಸಲಹೆಯನ್ನು ಹಿಂತೆಗೆದುಕೊಂಡಿತು. ಅದೇ ವರ್ಷ ಬ್ರಿಟನ್ನಿನ ಮತ್ತು ಇಸ್ರೇಲಿನ ಯೆಹೂದಿ ಮಕ್ಕಳನ್ನು ಹೋಲಿಸಿದ ಅಧ್ಯಯನವೊಂದು ಹೊರಬಂದಿತು: ಬ್ರಿಟನ್ನಿನ ಶಾಲಾಮಕ್ಕಳಲ್ಲಿ ಶೇ. 1.85ರಷ್ಟು ಮಂದಿಗೆ ಕಡಲೆಕಾಯಿಯ ಅಲರ್ಜಿಯಿದ್ದರೆ, ಇಸ್ರೇಲಿನಲ್ಲಿ ಅದು ಶೇ. 0.17 ಮಾತ್ರ. ಎರಡೂ ಕಡೆಯ ಮಕ್ಕಳ ಮೂಲ ಒಂದೇ ಬಗೆಯದು. ಆದರೆ ಇಸ್ರೇಲಿನಲ್ಲಿ ವರ್ಷ ತುಂಬುವ ಮೊದಲೇ ‘ಬಾಂಬಾ’ ಎಂಬ ಕಡಲೆಕಾಯಿಯ ಮೆದು ತಿಂಡಿಯನ್ನು ಕೂಸುಗಳಿಗೆ ಕೊಡುವುದು ವಾಡಿಕೆ.

ಈ ಹೋಲಿಕೆಯಿಂದ ಹುಟ್ಟಿದ ಪ್ರಯೋಗಕ್ಕೆ ‘ಲೀಪ್’ ಎಂದು ಹೆಸರು. ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿಯಿದ್ದ, 4ರಿಂದ 11 ತಿಂಗಳ ನಡುವಿನ 640 ಕೂಸುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ನಿಯಮಿತವಾಗಿ ಕಡಲೆಕಾಯಿ ತಿನ್ನಿಸಿ ಇನ್ನೊಂದಕ್ಕೆ ಪೂರ್ತಿ ದೂರವಿಡಲಾಯಿತು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಐದು ವರ್ಷ ತುಂಬಿದಾಗ ದೂರವಿಟ್ಟವರಲ್ಲಿ ಶೇ. 17.2 ಮಂದಿಗೆ ಅಲರ್ಜಿ ಬಂದಿತ್ತು, ತಿಂದವರಲ್ಲಿ ಶೇ. 3.2 ಮಂದಿಗೆ ಮಾತ್ರ. ಈ ರಕ್ಷಣೆ ಹದಿಹರೆಯದವರೆಗೂ ಉಳಿದಿರುವುದನ್ನು 2024ರ ಮುಂದುವರಿಕೆಯ ಅಧ್ಯಯನ ತೋರಿಸಿದೆ. ಜಪಾನಿನಲ್ಲಿ, ಇಸುಬಿದ್ದ ಕೂಸುಗಳಿಗೆ ಆರನೆಯ ತಿಂಗಳಿಂದ ಬೇಯಿಸಿದ ಮೊಟ್ಟೆಯ ಪುಡಿಯನ್ನು ಬಲು ಸ್ವಲ್ಪ ಪ್ರಮಾಣದಲ್ಲಿ ಕೊಟ್ಟಾಗ ಒಂದು ವರ್ಷದ ಹೊತ್ತಿಗೆ ಶೇ. 8 ಮಂದಿಗೆ ಮೊಟ್ಟೆಯ ಅಲರ್ಜಿ ಕಾಣಿಸಿಕೊಂಡಿತು. ಕೊಡದವರಲ್ಲಿ ಅದು ಶೇ. 38 ಇತ್ತು. ಕೊಡದೆ ಕಾಯುವುದು ಸುರಕ್ಷಿತವೆಂಬ ನಂಬಿಕೆ ಇಷ್ಟರ ಮೇಲೆ ನಿಲ್ಲಲಾರದು.

ಕರ್ನಾಟಕದಲ್ಲಿ ಆಹಾರದ ಅಲರ್ಜಿ ಪಶ್ಚಿಮದ ದೇಶಗಳಷ್ಟು ಹೆಚ್ಚಿಲ್ಲ ಎಂಬುದು ನಿಜ. ಆದರೆ ಅದು ನಮ್ಮ ರಕ್ತದ ಗುಣವೆಂದು ಭಾವಿಸುವಂತಿಲ್ಲ. ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನಗಳಲ್ಲಿ, ಏಷ್ಯಾದಲ್ಲಿ ಹುಟ್ಟಿ ಆಮೇಲೆ ವಲಸೆ ಹೋದ ಮಕ್ಕಳಲ್ಲಿ ಬೀಜಗಳ ಅಲರ್ಜಿ ಕಡಿಮೆಯಿದ್ದು, ಅಲ್ಲಿಯೇ ಹುಟ್ಟಿದ ಏಷ್ಯಾ ಮೂಲದ ಮಕ್ಕಳಲ್ಲಿ ಅದು ಹೆಚ್ಚಾಗಿರುವುದು ಕಂಡುಬಂದಿದೆ. ಆದ್ದರಿಂದ ಮೆಲ್ಬರ್ನ್, ಲಂಡನ್ ಅಥವಾ ನ್ಯೂಜೆರ್ಸಿಯಲ್ಲಿ ಮಗುವನ್ನು ಬೆಳೆಸುತ್ತಿರುವ ಕನ್ನಡಿಗ ದಂಪತಿ ‘ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ’ ಎಂದು ನಿಶ್ಚಿಂತರಾಗಬಾರದು. ಮುಂದೆ ಹೇಳುವ ಕ್ರಮ ಅವರಿಗೆ ಇನ್ನೂ ಹೆಚ್ಚು ಅಗತ್ಯ.

ಚರ್ಮದ ಆರೈಕೆ

ಮೊದಲು ಇಸುಬನ್ನು ಗುರುತಿಸಲು ಕಲಿಯಬೇಕು. ಅದು ಸಾಮಾನ್ಯವಾಗಿ ಎರಡು ಮೂರು ತಿಂಗಳ ಹೊತ್ತಿಗೆ ಕೆನ್ನೆ, ನೆತ್ತಿ, ಕೈಕಾಲುಗಳ ಹೊರಬದಿಯಲ್ಲಿ ಒರಟಾದ, ಒಣಗಿದ, ಕೆಲವೊಮ್ಮೆ ನೀರು ಜಿನುಗುವ ತೇಪೆಗಳಾಗಿ ತೋರುತ್ತದೆ. ಪುಸ್ತಕಗಳ ಚಿತ್ರಗಳಲ್ಲಿ ಅದು ಕೆಂಪಾಗಿರುತ್ತದೆ. ನಮ್ಮ ಮಕ್ಕಳ ಮೈಬಣ್ಣದಲ್ಲಿ ಕಂದು, ಬೂದು ಅಥವಾ ನೇರಳೆ ಛಾಯೆಯಾಗಿ ಕಾಣುವುದರಿಂದ ಬಹಳ ಮನೆಗಳಲ್ಲಿ ತಡವಾಗಿ ಗಮನಕ್ಕೆ ಬರುತ್ತದೆ. ಕಣ್ಣಿಗಿಂತ ಕೈ ಇಲ್ಲಿ ಹೆಚ್ಚು ನಂಬಿಕೆಗೆ ಅರ್ಹ: ಸವರಿದಾಗ ಚರ್ಮ ಉರುಟಾಗಿ ತಾಗುತ್ತದೆಯೇ, ಮಗು ಕೆನ್ನೆಯನ್ನು ಹಾಸಿಗೆಗೆ ಅಥವಾ ಎತ್ತಿಕೊಂಡವರ ಹೆಗಲಿಗೆ ಪದೇಪದೇ ಉಜ್ಜುತ್ತದೆಯೇ, ತುರಿಕೆಯಿಂದ ನಿದ್ದೆಗೆಡುತ್ತದೆಯೇ ಎಂದು ನೋಡಬೇಕು. ಇಸುಬು ಎಷ್ಟು ಬೇಗ ಶುರುವಾಗಿ ಎಷ್ಟು ತೀವ್ರವಾಗಿರುತ್ತದೆಯೋ ಆಹಾರದ ಅಲರ್ಜಿಯ ಅಪಾಯವೂ ಅಷ್ಟು ಹೆಚ್ಚು.

ಎಣ್ಣೆ ಹಚ್ಚಿ ನೀರೆರೆಯುವುದು ನಮ್ಮ ಬಾಣಂತನದ ಅತ್ಯಂತ ಪ್ರೀತಿಯ ಭಾಗ, ಮತ್ತು ಚರ್ಮ ಆರೋಗ್ಯವಾಗಿರುವ ಕೂಸಿಗೆ ಅದನ್ನು ನಿಲ್ಲಿಸಬೇಕಾಗಿಲ್ಲ. ಆದರೆ ಚರ್ಮ ಒಡೆದಿದ್ದರೆ ಕೆಲವು ಬದಲಾವಣೆಗಳು ಬೇಕೇಬೇಕು. ಕಡಲೆಹಿಟ್ಟು, ಹೆಸರುಹಿಟ್ಟು, ಹಾಲಿನ ಕೆನೆ, ಬಾದಾಮಿಯ ಲೇಪ ಇವುಗಳನ್ನು ಹಚ್ಚಿ ಉಜ್ಜುವುದನ್ನು ಪೂರ್ತಿ ಬಿಡಬೇಕು. ಇವೆಲ್ಲ ಆಹಾರದ ಪ್ರೋಟೀನುಗಳು, ಮತ್ತು ಬಾಯಿಗೆ ಹೋಗಬೇಕಾದುದನ್ನು ಗಾಯದ ಮೂಲಕ ಒಳಗೆ ಬಿಡುವುದು ಮೇಲೆ ಹೇಳಿದ ಮೊದಲ ಹಂತಕ್ಕೆ ನೇರವಾಗಿ ಅವಕಾಶ ಕೊಟ್ಟಂತೆ. ಉಜ್ಜುವಿಕೆಯೂ ಪದರವನ್ನು ಇನ್ನಷ್ಟು ಕೆಡಿಸುತ್ತದೆ. ಕಡಲೆಕಾಯಿ ಎಣ್ಣೆ ಮತ್ತು ಬಾದಾಮಿ ಎಣ್ಣೆ ಬೇಡ. ಸಾಸಿವೆ ಎಣ್ಣೆ ಮತ್ತು ಆಲಿವ್ ಎಣ್ಣೆ ಚರ್ಮದ ತಡೆಗೋಡೆಯನ್ನು ಸಡಿಲಗೊಳಿಸುವುದರಿಂದ ಅವೂ ಬೇಡ. ಕೊಬ್ಬರಿ ಎಣ್ಣೆ ಇಸುಬಿನ ಒಣಚರ್ಮಕ್ಕೆ ನೆರವಾದುದನ್ನು ತೋರಿಸಿದ ಪ್ರಯೋಗವಿದೆ. ಎಣ್ಣೆಯೇ ಬೇಕೆಂದರೆ ಅದು ಸಾಕು. ನೀರು ಹಂಡೆಯಿಂದ ಹಬೆಯಾಡುತ್ತ ಬಂದದ್ದಾಗಿರದೆ ಉಗುರುಬೆಚ್ಚಗಿರಬೇಕು, ಸ್ನಾನ ಐದು ಹತ್ತು ನಿಮಿಷದೊಳಗೆ ಮುಗಿಯಬೇಕು, ಮತ್ತು ಸಾಂಬ್ರಾಣಿಯ ಹೊಗೆಯೂ ಬೀಡಿ ಸಿಗರೇಟಿನ ಹೊಗೆಯೂ ಕೂಸಿರುವ ಕೋಣೆಯಿಂದ ದೂರವಿರಬೇಕು.

ಸ್ನಾನವಾದೊಡನೆ ಮೈಯನ್ನು ಒತ್ತಿ ಒರೆಸಿ, ತೇವ ಆರುವ ಮೊದಲೇ ಪರಿಮಳವಿಲ್ಲದ ಮಾಯಿಶ್ಚರೈಸರ್ ಅಥವಾ ಪೆಟ್ರೋಲಿಯಂ ಜೆಲ್ಲಿಯನ್ನು ಧಾರಾಳವಾಗಿ ಹಚ್ಚಬೇಕು. ಹಚ್ಚುವವರು ಮೊದಲು ಕೈಯನ್ನು ಸೋಪಿನಿಂದ ತೊಳೆದುಕೊಳ್ಳುವುದು ಮುಖ್ಯ, ಏಕೆಂದರೆ ಚಟ್ನಿ ಕಲಸಿದ ಕೈಯಲ್ಲೇ ಕೂಸಿನ ಮೈ ಸವರಿದರೆ ಆಹಾರದ ಕಣಗಳನ್ನೂ ಸವರಿದಂತಾಗುತ್ತದೆ. ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಹೆಚ್ಚು ಹೆಚ್ಚು ಸಲ ಮಾಯಿಶ್ಚರೈಸರ್ ಹಚ್ಚಿಸಿಕೊಂಡ ಕೂಸುಗಳಲ್ಲಿ ಆಹಾರದ ಅಲರ್ಜಿ ಹೆಚ್ಚಾಗಿ ಕಂಡಾಗ ಸಂಶೋಧಕರು ಅನುಮಾನಿಸಿದ್ದು ಇದನ್ನೇ. ಆರೋಗ್ಯವಾಗಿರುವ ಚರ್ಮಕ್ಕೆ ದಿನವೂ ಮಾಯಿಶ್ಚರೈಸರ್ ಬಳಿದರೆ ಇಸುಬು ಬಾರದೆಂಬ ನಿರೀಕ್ಷೆಯನ್ನು 2020ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳು ಹುಸಿಮಾಡಿವೆ, ಹಾಗಾಗಿ ಜಾಹೀರಾತುಗಳ ಮಾತಿಗೆ ಹಣ ಸುರಿಯಬೇಕಾಗಿಲ್ಲ. ಇಸುಬು ಬಂದ ಮೇಲಂತೂ ಮಾಯಿಶ್ಚರೈಸರ್ ಒಂದೇ ಸಾಲದು. ಮಕ್ಕಳ ವೈದ್ಯರು ಅಥವಾ ಚರ್ಮವೈದ್ಯರು ಸ್ಟೀರಾಯ್ಡ್ ಮುಲಾಮು ಬರೆದುಕೊಟ್ಟರೆ, ಅವರು ಹೇಳಿದಷ್ಟು ಪ್ರಮಾಣದಲ್ಲಿ, ಹೇಳಿದಷ್ಟು ದಿನ ತಪ್ಪದೆ ಹಚ್ಚಬೇಕು. ಜಪಾನಿನಲ್ಲಿ ಎಳೆಯ ಕೂಸುಗಳ ಇಸುಬನ್ನು ಬೇಗನೆ, ಬಿಗಿಯಾಗಿ ಹತೋಟಿಗೆ ತಂದಾಗ ಮೊಟ್ಟೆಯ ಅಲರ್ಜಿ ಶೇ. 41.9ರಿಂದ ಶೇ. 31.4ಕ್ಕೆ ಇಳಿಯಿತು, ಆದರೆ ಅಲ್ಲಿ ಬಳಸಿದ ಪ್ರಮಾಣದಿಂದ ಮಕ್ಕಳ ಬೆಳವಣಿಗೆ ಸ್ವಲ್ಪ ಕುಂಠಿತವಾದ್ದರಿಂದ, ಔಷಧದಂಗಡಿಯಲ್ಲಿ ಕೇಳಿ ತಂದ ಮುಲಾಮನ್ನು ಮನಬಂದಂತೆ ಬಳಿಯುವುದು ಸಲ್ಲದು.

ತಿನ್ನಿಸುವ ಕ್ರಮ

ಬಸುರಿಯಾಗಲಿ ಬಾಣಂತಿಯಾಗಲಿ ಮಗುವಿಗೆ ಅಲರ್ಜಿ ಬಾರದಿರಲೆಂದು ಹಾಲು, ಕಡಲೆಕಾಯಿ, ಮೊಟ್ಟೆಗಳನ್ನು ಬಿಡಬೇಕಾಗಿಲ್ಲ. ಅಂತಹ ಪಥ್ಯದಿಂದ ಮಗುವಿಗೆ ರಕ್ಷಣೆ ದೊರೆಯುವುದಿಲ್ಲ. ತಾಯಿ ಮಾತ್ರ ಸೊರಗುತ್ತಾಳೆ. ಹುಟ್ಟಿದ ಕೂಡಲೇ ಜೇನು ನೆಕ್ಕಿಸುವುದು ಯಾವ ಕಾರಣಕ್ಕೂ ಬೇಡ, ಏಕೆಂದರೆ ವರ್ಷದೊಳಗಿನ ಕೂಸಿಗೆ ಜೇನಿನಿಂದ ಬಾಟುಲಿಸಂ ಎಂಬ ಮಾರಕ ವಿಷಬಾಧೆ ಬರಬಹುದು. ತಾಯಿಯ ಹಾಲು ಇಳಿಯುವ ಮೊದಲ ಮೂರು ದಿನಗಳಲ್ಲಿ ವೈದ್ಯಕೀಯ ಅಗತ್ಯವಿಲ್ಲದೆ ಹಸುವಿನ ಹಾಲಿನ ಫಾರ್ಮುಲಾ ಕೊಡುವುದನ್ನೂ ತಪ್ಪಿಸಬೇಕು. ಹಾಗೆ ತಪ್ಪಿಸಿದಾಗ ಹಾಲಿನ ಅಲರ್ಜಿ ಕಡಿಮೆಯಾದುದು 2019ರ ಒಂದು ಜಪಾನೀ ಪ್ರಯೋಗದಲ್ಲಿ ಕಂಡಿದೆ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಆರು ತಿಂಗಳವರೆಗೆ ಎದೆಹಾಲು ಮಾತ್ರ ಕೊಟ್ಟು, ಆಮೇಲೆ ಎದೆಹಾಲಿನ ಜೊತೆಗೆ ಮೇಲಾಹಾರ ಶುರುಮಾಡುವುದು ಹೆಚ್ಚಿನ ಮಕ್ಕಳಿಗೆ ಸರಿಯಾದ ಕ್ರಮ. ತೀವ್ರ ಇಸುಬಿರುವ ಅಥವಾ ಈಗಾಗಲೇ ಯಾವುದಾದರೂ ಆಹಾರಕ್ಕೆ ಅಲರ್ಜಿ ತೋರಿದ ಕೂಸನ್ನು ಮಾತ್ರ ನಾಲ್ಕು ತಿಂಗಳ ಹೊತ್ತಿಗೇ ವೈದ್ಯರಿಗೆ ತೋರಿಸಬೇಕು. ಕಡಲೆಕಾಯಿಯನ್ನು ಯಾವಾಗ, ಎಲ್ಲಿ, ಯಾರ ಎದುರು ಕೊಡಬೇಕೆಂಬುದನ್ನು ಅವರೇ ನಿರ್ಧರಿಸುತ್ತಾರೆ. ಉಳಿದವರು ಮನೆಯಲ್ಲೇ ಕೊಡಬಹುದು.

ರಾಗಿ ಸರಿ, ಮೆತ್ತಗೆ ಹಿಸುಕಿದ ಅನ್ನ ಬೇಳೆ ಇಂತಹ ಒಂದೆರಡು ಆಹಾರಗಳನ್ನು ಕೂಸು ಸರಾಗವಾಗಿ ನುಂಗಲು ಕಲಿತ ಮೇಲೆ ಕಡಲೆಕಾಯಿಗೆ ಬರಬೇಕು. ಬೂಷ್ಟು ಹಿಡಿದ, ಸುಕ್ಕಾದ, ಕಹಿ ಬೀಜಗಳನ್ನು ಆರಿಸಿ ಎಸೆದು, ಒಳ್ಳೆಯವನ್ನು ಹುರಿದು, ಸಿಪ್ಪೆ ತೆಗೆದು, ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ ನುಣ್ಣಗೆ ಪುಡಿಮಾಡಿ ಜರಡಿ ಹಿಡಿಯಬೇಕು. ಸುಮಾರು ಹತ್ತು ಬೀಜಗಳ, ಅಂದರೆ 8 ಗ್ರಾಂ ತೂಕದ ಪುಡಿಯಲ್ಲಿ 2 ಗ್ರಾಂ ಪ್ರೋಟೀನಿರುತ್ತದೆ; ಅದು ಎರಡೂವರೆ ಟೀ ಚಮಚದಷ್ಟಾಗುತ್ತದೆ. ಇದನ್ನು ತೆಳ್ಳಗಿನ ರಾಗಿ ಸರಿಯಲ್ಲಿ ಗಂಟಿಲ್ಲದಂತೆ ಕಲಸಬೇಕು. ಉಪ್ಪು, ಖಾರ, ಬೆಲ್ಲ ಬೇಡ. ಮನೆಯ ಶೇಂಗಾ ಚಟ್ನಿಪುಡಿಯನ್ನು ಇದಕ್ಕೆ ಬಳಸುವಂತಿಲ್ಲ. ಮಗುವಿಗೆ ಜ್ವರ, ನೆಗಡಿ, ಭೇದಿ ಇಲ್ಲದ ದಿನ, ಬೆಳಗಿನ ಹೊತ್ತಿನಲ್ಲಿ, ಮುಂದಿನ ಎರಡು ಗಂಟೆ ದೊಡ್ಡವರೊಬ್ಬರು ಮಗುವಿನ ಬಳಿಯಲ್ಲೇ ಇರಲು ಸಾಧ್ಯವಿರುವಾಗ, ಚಮಚದ ತುದಿಯಷ್ಟನ್ನು ಮೊದಲು ಕೊಡಬೇಕು. ಹತ್ತು ನಿಮಿಷ ಕಾದು, ಏನೂ ಆಗದಿದ್ದರೆ ಉಳಿದುದನ್ನು ಮಗು ತಿನ್ನುವಷ್ಟು ನಿಧಾನವಾಗಿ ತಿನ್ನಿಸಬೇಕು. ಮೊದಲು ಕೆನ್ನೆಗೋ ಕೈಗೋ ಹಚ್ಚಿ ‘ಪರೀಕ್ಷೆ’ ಮಾಡುವ ಅಭ್ಯಾಸವನ್ನು ದಯವಿಟ್ಟು ಬಿಡಬೇಕು. ಅದು ಏನನ್ನೂ ತಿಳಿಸುವುದಿಲ್ಲ, ಮತ್ತು ಚರ್ಮಕ್ಕೆ ಆಹಾರ ತಾಗಿಸಬಾರದೆಂಬ ಮೂಲ ಎಚ್ಚರಿಕೆಗೇ ವಿರುದ್ಧ. ಇಡೀ ಬೀಜವನ್ನಾಗಲಿ ಒಡಕನ್ನಾಗಲಿ ನಾಲ್ಕೈದು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು, ಉಸಿರುನಾಳದಲ್ಲಿ ಸಿಕ್ಕಿಕೊಳ್ಳುತ್ತದೆ.

ಒಗ್ಗಿದ ಮೇಲೆ ನಿಲ್ಲಿಸಬಾರದು. ‘ಲೀಪ್’ನ ಮಕ್ಕಳು ವಾರಕ್ಕೆ ಕನಿಷ್ಠ ಮೂರು ಸಲ, ಒಟ್ಟು 6 ಗ್ರಾಂ ಪ್ರೋಟೀನಿನಷ್ಟು ಕಡಲೆಕಾಯಿಯನ್ನು ವರ್ಷಗಟ್ಟಲೆ ತಿಂದಿದ್ದರು. ಒಮ್ಮೆ ರುಚಿ ತೋರಿಸಿ ಆಮೇಲೆ ತಿಂಗಳುಗಟ್ಟಲೆ ಮರೆತುಬಿಡುವುದರಿಂದ ಈ ಫಲ ಸಿಗುವುದಿಲ್ಲ, ಮತ್ತು ನನ್ನ ಅಭಿಪ್ರಾಯದಲ್ಲಿ ಮನೆಯವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಇದೇ ರೀತಿಯಲ್ಲಿ ಚೆನ್ನಾಗಿ ಬೇಯಿಸಿದ ಮೊಟ್ಟೆ, ಮೊಸರು, ಗೋಧಿ, ನುಣ್ಣಗೆ ಅರೆದ ಎಳ್ಳು, ಗೋಡಂಬಿ, ಕಡಲೆಬೇಳೆ, ಕರಾವಳಿಯ ಮನೆಗಳಲ್ಲಿ ಮುಳ್ಳು ತೆಗೆದ ಮೀನು ಇವುಗಳನ್ನು ವರ್ಷ ತುಂಬುವುದರೊಳಗೆ ಒಂದೊಂದಾಗಿ ಪರಿಚಯಿಸಬೇಕು. ಒಂದೇ ಹೊತ್ತಿಗೆ ಎರಡು ಹೊಸ ಪದಾರ್ಥ ಬೇಡ. ಮೊಟ್ಟೆ ಅಥವಾ ಮೀನು ತಿನ್ನದ ಮನೆಯವರು ಕೇವಲ ಅಲರ್ಜಿಯ ಭಯದಿಂದ ಅವುಗಳನ್ನು ತರಬೇಕಾಗಿಲ್ಲ. ಮನೆಮಂದಿ ತಿನ್ನುವುದೆಲ್ಲ ಕೂಸಿಗೂ ಸಕಾಲದಲ್ಲಿ ತಲುಪಬೇಕು ಎಂಬುದು ಮುಖ್ಯ. ಮೊಸರನ್ನು ಆರು ತಿಂಗಳ ನಂತರ ಕೊಡಬಹುದಾದರೂ ಹಸುವಿನ ಹಾಲನ್ನು ಕುಡಿಯುವ ಮುಖ್ಯ ಪಾನೀಯವಾಗಿ ವರ್ಷ ತುಂಬುವವರೆಗೆ ಕೊಡಬಾರದು.

ಆಗಿಬಾರದಿದ್ದಾಗ

ಟೊಮೇಟೊ, ಕಿತ್ತಳೆಯಂತಹ ಹುಳಿ ಪದಾರ್ಥ ತಾಗಿ ಬಾಯಿಯ ಸುತ್ತ ಮಾತ್ರ ಕೆಂಪಾಗಿ ಬೇಗ ಮಾಯವಾಗುವುದು ಸಾಮಾನ್ಯವಾಗಿ ಅಲರ್ಜಿಯಲ್ಲ. ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಮೈಮೇಲೆ ಪಿತ್ತಗಂಧೆ ಏಳುವುದು, ತುಟಿ ಅಥವಾ ಕಣ್ಣರೆಪ್ಪೆ ಊದುವುದು, ವಾಂತಿಯಾಗುವುದು ಅಲರ್ಜಿಯ ಲಕ್ಷಣಗಳು. ಆ ಆಹಾರವನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಉಸಿರಿನಲ್ಲಿ ಸುಯ್‌ ಎಂಬ ಸದ್ದು, ಬಿಡದ ಕೆಮ್ಮು, ಅಳುವಿನ ದನಿ ಒಡೆಯುವುದು, ಮೈ ಬಿಳುಚಿ ಜೋತುಬೀಳುವುದು ಇವುಗಳಲ್ಲಿ ಯಾವುದೊಂದು ಕಂಡರೂ ಅದು ಜೀವಕ್ಕೆ ಅಪಾಯ. ಕರ್ನಾಟಕದಲ್ಲಿ ಕೂಡಲೇ 108ಕ್ಕೆ ಕರೆ ಮಾಡಬೇಕು ಅಥವಾ ಹತ್ತಿರದ ಆಸ್ಪತ್ರೆಗೆ ಧಾವಿಸಬೇಕು. ಕೂಸನ್ನು ಹೆಗಲ ಮೇಲೆ ನೆಟ್ಟಗೆ ಎತ್ತಿಕೊಳ್ಳದೆ ತೋಳಿನಲ್ಲಿ ಅಡ್ಡಲಾಗಿ ಮಲಗಿಸಿಕೊಳ್ಳಬೇಕು, ವಾಂತಿಯಾಗುತ್ತಿದ್ದರೆ ಪಕ್ಕಕ್ಕೆ ತಿರುಗಿಸಬೇಕು. ಇದಕ್ಕೆ ಮದ್ದು ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಅಲರ್ಜಿಯ ಸಿರಪ್ ಕುಡಿಸಿ ಕಾಯುತ್ತ ಕೂರುವುದರಿಂದ ಅಮೂಲ್ಯವಾದ ಸಮಯ ಹಾಳಾಗುತ್ತದೆ.

ಐಜಿಇ ಇಲ್ಲದೆಯೂ ಕೆಲವು ತೊಂದರೆಗಳು ಬರುತ್ತವೆ. ತಿಂದ ಒಂದರಿಂದ ನಾಲ್ಕು ಗಂಟೆಯ ನಂತರ, ದದ್ದಿಲ್ಲದೆ, ಮಗು ಮತ್ತೆ ಮತ್ತೆ ವಾಂತಿ ಮಾಡಿ ಸುಸ್ತಾಗುವುದು ಅಂತಹದೊಂದು. ಹಾಲಿನಿಂದ ಮಾತ್ರವಲ್ಲ, ಅಕ್ಕಿಯಿಂದಲೂ ಅದು ಬರಬಹುದು, ಮತ್ತು ಚರ್ಮದ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲ.

ಪರೀಕ್ಷೆಗಳ ಬಗ್ಗೆ ಎಚ್ಚರವಿರಲಿ. ಚರ್ಮದ ಚುಚ್ಚು ಪರೀಕ್ಷೆಯಲ್ಲಿ ಅಥವಾ ರಕ್ತದಲ್ಲಿ ಐಜಿಇ ಕಂಡರೆ ಮೊದಲ ಹಂತ ನಡೆದಿದೆ ಎಂದರ್ಥವೇ ಹೊರತು ಅಲರ್ಜಿ ಇದೆಯೆಂದಲ್ಲ. ಬೆಂಗಳೂರು ಮತ್ತು ಮೈಸೂರಿನ ವಯಸ್ಕರನ್ನು ಪರೀಕ್ಷಿಸಿದ ‘ಯುರೋಪ್ರಿವಾಲ್’ ಅಧ್ಯಯನದಲ್ಲಿ ಶೇ. 26.5 ಮಂದಿಯ ರಕ್ತದಲ್ಲಿ ಯಾವುದೋ ಆಹಾರಕ್ಕೆ ಐಜಿಇ ಇತ್ತು, ಅಲರ್ಜಿಯಿರುವ ಸಂಭವವಿದ್ದವರು ಶೇ. 1.2 ಮಾತ್ರ. ಆದ್ದರಿಂದ ಹತ್ತಾರು ಆಹಾರಗಳ ಪಟ್ಟಿಯಿರುವ ವರದಿ ಹಿಡಿದು, ಲಕ್ಷಣಗಳೇ ಇಲ್ಲದ ಮಗುವಿನ ತಟ್ಟೆಯಿಂದ ಒಂದೊಂದನ್ನೇ ತೆಗೆಯುತ್ತ ಹೋದರೆ ಮಗು ಸೊರಗುವುದಲ್ಲದೆ, ಒಗ್ಗಿದ್ದ ಆಹಾರವೂ ಒಗ್ಗದಂತಾಗಬಹುದು. ಐಜಿಜಿ ಎಂಬ ಬೇರೊಂದು ಬಗೆಯ ಪ್ರತಿಕಾಯವನ್ನು ಅಳೆಯುವ ಪರೀಕ್ಷೆಗಳನ್ನು ಅಲರ್ಜಿ ಪತ್ತೆಗೆ ಮಾಡಿಸಲೇಬಾರದು.

ಅಲರ್ಜಿ ಖಚಿತವಾದ ಮಗುವಿನಲ್ಲಿ ಅದು ಶಾಶ್ವತವಾಗಿ ಉಳಿಯಬೇಕೆಂದಿಲ್ಲ. ಹಾಲು ಮತ್ತು ಮೊಟ್ಟೆಯ ಅಲರ್ಜಿ ಹೆಚ್ಚಿನ ಮಕ್ಕಳಲ್ಲಿ ಬೆಳೆಯುತ್ತ ಹೋದಂತೆ ಮಾಯವಾಗುತ್ತದೆ. ಕಡಲೆಕಾಯಿಯದು ಸುಮಾರು ಐವರಲ್ಲಿ ಒಬ್ಬರಿಗೆ ಮಾತ್ರ. ಹಾಲಿನ ಅಲರ್ಜಿಯಿರುವ ಮಗುವಿಗೆ ಮೇಕೆಯ ಅಥವಾ ಎಮ್ಮೆಯ ಹಾಲು ಬದಲಿಯಾಗುವುದಿಲ್ಲ, ಅವುಗಳ ಪ್ರೋಟೀನುಗಳು ಹಸುವಿನ ಹಾಲಿನವನ್ನೇ ಹೋಲುತ್ತವೆ. ಬಿಟ್ಟ ಆಹಾರವನ್ನು ಮತ್ತೆ ಕೊಟ್ಟು ನೋಡುವ ಕೆಲಸವನ್ನು ಮನೆಯಲ್ಲಿ ಮಾಡದೆ, ತುರ್ತು ಚಿಕಿತ್ಸೆಯ ಅನುಕೂಲವಿರುವ ಆಸ್ಪತ್ರೆಯಲ್ಲಿ ವೈದ್ಯರ ಎದುರಿನಲ್ಲಿಯೇ ಮಾಡಿಸಬೇಕು; ಅದಕ್ಕೆ ಕಾಲ ಬಂದಿದೆಯೇ ಎಂದು ವರ್ಷಕ್ಕೊಮ್ಮೆಯಾದರೂ ಅವರನ್ನು ಕೇಳಬೇಕು.